ರಾವುತಿಕೆಯ ಮನೆ

ಒಂದು ಮಾತನ್ನು ಮನೆಯಲ್ಲಿ ಇಟ್ಟುಕೊಂಡು ಸಾಕುವುದಕ್ಕೆ ಏನೇನು ತಗಲುತ್ತದೆ ಎಂಬುದು ಸಾಕಿದವರಿಗೇ ಗೊತ್ತು. ನಮ್ಮ ಮನೆಯ ಮಾತಿಗೆ ದಿನಕ್ಕೊಂದು ರೊಟ್ಟಿ ತಗಲುತ್ತಿತ್ತು. ಮಾಡಿದ ರೊಟ್ಟಿಗಳಲ್ಲಿ ಕೊನೆಯದನ್ನು ಸಂಜೆಯವರೆಗೆ ಯಾರೂ ಮುಟ್ಟುವಂತಿರಲಿಲ್ಲ, ಯಾರಾದರೂ ಹಸಿದು ಬಂದರೆ ಇರಲಿ ಎಂದು. ವರ್ಷಕ್ಕೆ ಎರಡು ಚಾಪೆ ಬೇಕಾಗುತ್ತಿದ್ದವು, ಏಕೆಂದರೆ ಕಟ್ಟೆಯ ಮೇಲೆ ಹಗಲೆಲ್ಲ ಒಂದು ಚಾಪೆ ಹಾಸಿಯೇ ಇರಬೇಕು, ಅದರ ಮೇಲೆ ಮನೆಯವರು ಕೂರಬಾರದು. ಎಲ್ಲಕ್ಕಿಂತ ಹೆಚ್ಚು ತೆತ್ತವನು ನನ್ನ ಗಂಡ ಮಲ್ಲೇಶಿ. ಈ ಮನೆಯ ಗಂಡಸು ಹಾದಿಯಲ್ಲಿ ಎದುರಾದವರಿಗೆಲ್ಲ ಮೊದಲು ದಾರಿ ಬಿಡಬೇಕು. ಹೀಗೆ ಬಿಡುತ್ತ ಬಿಡುತ್ತ ಅವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪಿದವನಲ್ಲ. ನಾನು ಬಂದು ಹದಿನೆಂಟು ವರ್ಷವಾದರೂ ಅವನು ಒಂದು ಮದುವೆಯಲ್ಲಿಯೂ ಬಿಸಿ ಅನ್ನ ಉಂಡಿದ್ದನ್ನು ನಾನು ಕಂಡಿರಲಿಲ್ಲ. ಇನ್ನು ನನ್ನ ಅತ್ತೆ ಪಾರೋತೆವ್ವನವರಿಗೆ ತಗಲಿದ್ದು ಬೇರೆಯದೇ. ಬಂದವರು ಓಣಿಯ ತಿರುವು ದಾಟುವವರೆಗೆ ಅವರನ್ನು ಬೈಯುವಂತಿರಲಿಲ್ಲ. ಅವರ ನಾಲಗೆ ಎಂಥದೆಂದು ಬಲ್ಲವರಿಗೆ ಅದು ಎಷ್ಟು ದುಬಾರಿ ಎಂದು ತಿಳಿದೀತು.

ನಮ್ಮ ಊರಿನಲ್ಲಿ ಪ್ರತಿ ಮಾತಿಗೂ ಒಂದು ಮನೆ. ಆ ಮನೆಯ ಹಿರಿಯ ಹೆಂಗಸು ಆ ಮಾತಿನ ಹುಟ್ಟಿನ ಕಥೆಯನ್ನು ಬಲ್ಲವಳು. ವರ್ಷಕ್ಕೊಮ್ಮೆ ಅವಳು ಚಾವಡಿಗೆ ಬಂದು ಊರಿನ ಮುಂದೆ ಅದನ್ನು ಹೇಳಬೇಕು. ಕೇಳಿದ ಕಥೆ ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲರಿಗೂ ಮರೆತುಹೋಗುತ್ತದೆ. ಮಾತು ಮಾತ್ರ ಇನ್ನೊಂದು ವರ್ಷಕ್ಕೆ ಬಾಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹೇಳುವವಳು ಮರೆತರೆ ಊರೇ ಮರೆಯುತ್ತದೆ. ಜೋಂಪು ಎಂಬ ಮಾತಿನ ಮನೆ ಒಮ್ಮೆ ಹಾಳುಬಿದ್ದು, ಐದಾರು ವರ್ಷ ನಮ್ಮೂರಿನವರು ಒಂದೋ ಎಚ್ಚರ ಇರುತ್ತಿದ್ದರು, ಇಲ್ಲವೇ ಗೊರಕೆ ಹೊಡೆಯುತ್ತಿದ್ದರು. ನಡುವೆ ಏನೂ ಇರಲಿಲ್ಲ. ಆಮೇಲೆ ಮುದುಕಿಯೊಬ್ಬಳು ಆ ಮನೆಗೆ ದೂರದ ಸಂಬಂಧಿ ಎಂದು ಸಿಕ್ಕಿ, ಕಥೆ ಹೇಳಿದಮೇಲೆ ಜನ ಮತ್ತೆ ಕಂಬಕ್ಕೊರಗಿ ತೂಕಡಿಸುವಂತಾಯಿತು. ಉಪ್ಪಿನ ಮನೆಯವರಿಗೆ ಇಂಥ ತೊಂದರೆ ಇಲ್ಲ, ಅದು ದಿನವೂ ಬಾಯಿಗೆ ಬರುವ ಮಾತು. ಜಗಳದ ಮನೆಯವರಂತೂ ಮೂರು ತಲೆಮಾರಿನಿಂದ ಚಾವಡಿಯ ಕಡೆ ತಲೆ ಹಾಕಿಲ್ಲ, ಆದರೂ ಅವರ ಮಾತು ಕಬ್ಬಿಣದಂತೆ ಇದೆ.

ನಮ್ಮ ಮನೆಯದು ರಾವುತಿಕೆ. ರಾವುತ ಎಂದರೆ ಕುದುರೆ ಸವಾರ ಎಂದು ಎಲ್ಲರಿಗೂ ಗೊತ್ತು, ಆದರೆ ನಮ್ಮೂರಿನಲ್ಲಿ ಕುದುರೆಯಿಲ್ಲ. ನಾನೂ ಕುದುರೆಯನ್ನು ಕಂಡವಳಲ್ಲ. ನಮ್ಮಲ್ಲಿ ರಾವುತಿಕೆ ಎಂದರೆ ದಾರಿ ಬಿಡುವುದು, ಕೈಯಲ್ಲಿ ಬಲವಿದ್ದರೂ ಸೋತವನ ಮೇಲೆ ಎತ್ತದಿರುವುದು, ಹೆಣ್ಣುಮಗಳು ಭಾರ ಹೊತ್ತಿದ್ದರೆ ಕೇಳದೆ ಒಂದು ಕೈ ಕೊಟ್ಟು, ಕೊಟ್ಟದ್ದನ್ನು ಆಮೇಲೆ ಎಲ್ಲಿಯೂ ಆಡದಿರುವುದು. ಸವಾರನಿಗೂ ಇದಕ್ಕೂ ಏನು ಸಂಬಂಧ ಎಂಬುದು ಕಥೆಯಲ್ಲಿತ್ತು. ಕಥೆ ಅತ್ತೆಯವರ ಹೊಟ್ಟೆಯಲ್ಲಿತ್ತು. ಅವರಿಗೆ ಅವರ ಅತ್ತೆ ಕಿವಿಯಲ್ಲಿ ಹೇಳಿ ಕೊಟ್ಟದ್ದು. ನನಗೆ ಕೊಡುವ ಮಾತು ಬಂದಾಗಲೆಲ್ಲ, "ಯಾಕ, ನನ್ನ ಕಳಸಾಕ ಗಾಡಿ ಹೂಡೀಯೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅತ್ತೆ ಮಾತಿನಲ್ಲಿ ಬಿರುಸು. ಆದರೆ ನಾನು ಈ ಮನೆಗೆ ಕಾಲಿಟ್ಟ ದಿನವೇ ಅವರನ್ನು ತಿಳಿದುಕೊಂಡೆ. ಹೊಸ ಮದುಮಗಳು ಪಂಕ್ತಿಗೆ ಬಡಿಸಬೇಕು ಎಂದು ನನ್ನ ಕೈಗೆ ಗೋಧಿ ಹುಗ್ಗಿಯ ಪಾತ್ರೆ ಕೊಟ್ಟಿದ್ದರು. ಹೊಸ ಸೀರೆ ಕಾಲಿಗೆ ತೊಡರಿ, ಪಾತ್ರೆಸಮೇತ ಹಿರಿಯರ ಪಂಕ್ತಿಯ ನಡುವೆಯೇ ಬಿದ್ದೆ. ಹುಗ್ಗಿ ಬೀಗರ ಮಡಿಲಿನಲ್ಲಿ, ನಾನು ನೆಲದ ಮೇಲೆ. ಇಡೀ ಪಂಕ್ತಿ ಉಸಿರು ಹಿಡಿದು ನಗಲು ಕಾದು ಕುಳಿತಿತ್ತು. ಆಗ ನನ್ನ ಹಿಂದೆ ದಢಾರ್ ಎಂದು ಸದ್ದಾಯಿತು. ನೋಡಿದರೆ ಅತ್ತೆ ತುಂಬಿದ ಹಿತ್ತಾಳೆ ಕೊಡವನ್ನು ಕೆಳಗೆ ಹಾಕಿ, ತಾವೂ ನೆಲಕ್ಕೆ ಕೂತುಬಿಟ್ಟಿದ್ದರು. "ಯಾರ ಈ ನೆಲಾ ಸಾರಿಸಿದ ರಂಡೇರು? ಎಣ್ಣಿ ಹಚ್ಚಿ ಸಾರಿಸೀರೇನು? ಇಬ್ರೂ ಜಾರಿಬಿದ್ವಿ ನೋಡ್ರಿ!" ಎಂದು ಊರಿಗೆ ಕೇಳುವ ಹಾಗೆ ಕೂಗಿದರು. ನೆಲ ಸಾರಿಸಿದವರು ಅವರೇ. ಜನ ನೆಲವನ್ನು ನೋಡಿದರು, ನನ್ನನ್ನು ನೋಡುವುದನ್ನು ಬಿಟ್ಟರು. ಆಮೇಲೆ ಈ ಸಂಗತಿಯನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಿದಾಗ, "ಯಾವ ಹುಗ್ಗಿ?" ಎಂದರು.

ನಾನು ಹೇಳುತ್ತಿರುವ ವರ್ಷ, ಮಾತು ಸವೆಯತೊಡಗಿದ್ದು ಮೊದಲು ಗೊತ್ತಾದದ್ದು ಕೆರೆಗೆ ಹೋಗುವ ಸಂದಿಯಲ್ಲಿ. ಅದು ಒಬ್ಬರು ಹೋಗುವಷ್ಟೇ ಅಗಲ. ಬರಿಗೈಯವರು ಹಿಂದೆ ಸರಿದು, ಕೊಡ ಹೊತ್ತವರಿಗೆ ದಾರಿ ಬಿಡುವುದು ಮೊದಲಿನಿಂದ ನಡೆದುಬಂದದ್ದು. ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಶವ್ವ ಎರಡು ಕೊಡ ಹೊತ್ತು ಬರುತ್ತಿದ್ದಾಗ, ಎದುರಿಗೆ ಒಬ್ಬ ಗಂಡಸು ಬಂದು ಸುಮ್ಮನೆ ನಿಂತ. ಅವನ ಮುಖದಲ್ಲಿ ಸೊಕ್ಕಿರಲಿಲ್ಲ, ಪಾಪ, ಮುಂದೇನು ಮಾಡಬೇಕು ಎಂಬುದೇ ಹೊಳೆಯದವನಂತೆ ನಿಂತಿದ್ದ. ಕಾಶವ್ವ ಅವನಿಗೆ ನೆನಪು ಮಾಡಲು ಹೋದಳು. "ಅದನ್ನ ಮಾಡಪ್ಪಾ… ಅದು… ಪಾರೋತೆವ್ವನ ಮನ್ಯಾಗಿನ್ದು… ಥೂ, ಬಾಯಾಗ ಬರವಲ್ದು!" ಎಂದು ಅವಳೂ ನಿಂತಳು. ಇಬ್ಬರೂ ಅಲ್ಲಿಯೇ ನಿಂತು ಬಿಸಿಲು ನೆತ್ತಿಗೆ ಬಂತು. ಕೊನೆಗೆ ಅವಳ ಕುತ್ತಿಗೆ ಸೋತು ಕೊಡಗಳು ಉರುಳಿದವು. ಸೀದಾ ನಮ್ಮ ಅಂಗಳಕ್ಕೆ ಬಂದಳು.

"ಏ ಬಾಳವ್ವಾ," ಎಂದು ನನ್ನನ್ನು ಕರೆದಳು, "ನಿಮ್ಮ ಮಾತಿಗೆ ಕೂಳು ಹಾಕ್ತೀರೋ ಇಲ್ಲೋ? ನನ್ನ ಎರಡೂ ಕೊಡಾ ಒಡದೂವು."

"ಹಾಕ್ತೀವ್ರೆವ್ವಾ, ದಿನಾ ಹಾಕ್ತೀವಿ," ಎಂದೆ. ಒಳಗಿನಿಂದ ಅತ್ತೆಯ ಸದ್ದೇ ಬರಲಿಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಕಾಶವ್ವ ತಿರುವು ದಾಟಿದ ಗಳಿಗೆಗೆ ಅವಳ ಏಳು ತಲೆಮಾರು ಎದ್ದು ಕೂರುತ್ತಿದ್ದವು. ಅಂದು ಅವರು ಒಲೆಯ ಮುಂದೆ ಆರಿದ ಕೊಳ್ಳಿಯನ್ನು ಹಿಡಿದು ಕುಳಿತಿದ್ದರು.

ನಾನು ಹತ್ತಿರ ಕುಳಿತು, "ಅತ್ತೀ, ಈಗರೆ ನನಗ ಹೇಳಿಬಿಡ್ರಿ. ಚಾವಡಿ ದಿನಾ ಹತ್ತರ ಬಂತು," ಎಂದೆ.

"ಹೇಳ್ತೀನಿ, ತಡಿ," ಎಂದು ಕೊಳ್ಳಿ ಇಟ್ಟರು. "ಒಬ್ಬಾಂವ ರಾವುತ ಇದ್ದ. ಕುದುರಿ ಮ್ಯಾಲ ಕುಂತು ನಮ್ಮೂರಿಗೆ ಬಂದ. ಓಣ್ಯಾಗ ಒಬ್ಬಾಕಿ ಎದುರಿಗೆ ಬರಾಕತ್ತಿದ್ಲು. ಆಮ್ಯಾಲ…" ಅವರ ತುಟಿ ಆಡುತ್ತಿತ್ತು, ಮಾತು ಬರಲಿಲ್ಲ. "ಆಮ್ಯಾಲ ಉಳ್ಳಾಗಡ್ಡಿ ಮುಗದಾವ ನೋಡು. ಮಲ್ಲೇಶಿಗೆ ಹೇಳಿ ತರಸು."

"ಅತ್ತೀ."

"ಗೊತ್ತೈತಿ, ಸುಮ್ನಿರು." ಸೆರಗಿನಿಂದ ಮೂಗು ಒರೆಸಿಕೊಂಡರು. "ಹೋಳಿ ಮುಗದಾಗಿಂದ ಹುಡಕಾಕತ್ತೀನಿ. ದಿನಾ ಒಂದೀಟ ಕಮ್ಮಿ ಆಗಾಕತ್ತೈತಿ. ಮೊದಲ ಆಕಿ ಹೆಸರು ಹೋತು, ಆಮ್ಯಾಲ ಅಂವ ಏನ್ ಮಾಡಿದ ಅನ್ನೂದು ಹೋತು. ಯಾರ ಮುಂದೂ ಹೇಳಬ್ಯಾಡ, ನಮ್ಮವ್ವಾ. ಐವತ್ತು ವರ್ಷ ಆ ಚಾವಡ್ಯಾಗ ತಲಿ ಎತ್ತಿ ನಿಂತೀನಿ. ಅಲ್ಲಿ ಬಾಯಿ ಕಟ್ಟಿ ನಿಂತ್ರ, ನಾ ತಿರುಗಿ ಈ ಮನಿಗೆ ಬರಂಗಿಲ್ಲ. ಹಂಗ ಕೆರಿ ಕಡೆ ಹೋಗ್ತೀನಿ."

ಅವರು ಬಾಯಿಗೆ ಬಂದದ್ದನ್ನು ಆಡುವವರಾದರೂ, ಆಡಿದ್ದನ್ನು ಮಾಡುವವರು.

ಊರಿನಲ್ಲಿ ಸುದ್ದಿ ಹಬ್ಬುವುದಕ್ಕೆ ಮೊದಲೇ ವಾಸನೆ ಹಿಡಿದವನು ಅಡಿವೆಪ್ಪ. ಅವನದು ಮರ್ಯಾದೆ ಎಂಬ ಮಾತಿನ ಮನೆ. ದೊಡ್ಡ ಮೀಸೆ, ತಲೆಗೆ ಸುತ್ತಿದ ದೊಡ್ಡ ಪಟಗ, ಯಾವ ಪಂಕ್ತಿಯಲ್ಲಿಯೂ ಮೊದಲ ಎಲೆ ಅವನಿಗೇ. ಒಂದು ಮಧ್ಯಾಹ್ನ ಬಂದು ನಮ್ಮ ಕಟ್ಟೆಯ ಚಾಪೆಯ ಮೇಲೆ ಕೂತು, ಕಾಯ್ದಿಟ್ಟ ರೊಟ್ಟಿಯನ್ನು ಕೇಳಿ ತಿಂದು, ಅತ್ತೆಯನ್ನು ಕರೆದ.

"ಪಾರೋತೆವ್ವಕ್ಕಾ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ಮರ್ಯಾದಿ ಇದ್ದಲ್ಲಿ ನಿಮ್ದು ಬ್ಯಾರೆ ಯಾಕ ಬೇಕು? ನಮ್ಮ ಮನ್ಯಾಗ ಜಾಗಾ ಐತಿ. ಎರಡನ್ನೂ ಒಂದ ಕಡೆ ಇಟ್ಕೋತೀವಿ. ವಯಸ್ಸಿನ್ಯಾಗ ನಿನಗೂ ಆರಾಮ."

"ಮರ್ಯಾದಿ ಕೇಳಿ ತಗೊಳ್ಳೂದು, ಅಡಿವೆಪ್ಪಾ," ಎಂದರು ಅತ್ತೆ. "ಇದನ್ನ ಕೇಳಿದ್ರ ಸಿಗೂದಿಲ್ಲ."

ಅವನು ನಕ್ಕು ಮೀಸೆಯ ಹಿಟ್ಟು ಕೊಡವಿಕೊಂಡ. "ಆತು, ಚಾವಡ್ಯಾಗ ನೋಡೂಣು. ಆದ್ರ ನೆನಪಿಡು. ಹರೇದಾಗ ನಾಲ್ಕು ವರ್ಷ ಹೊರಗಿದ್ದಾಗ ನಾ ಕುದುರಿ ಲಾಯದಾಗ ದುಡದೀನಿ. ಕುದುರಿ ಮೈ ತಿಕ್ಕಿದ ಕೈ ಇದು. ಈ ಊರಾಗ ಕುದುರಿ ಕಂಡಾಂವ ನಾ ಒಬ್ಬನ. ಕಥಿಯೊಳಗ ಒಂದ ಸುಳ್ಳು ಬಂದ್ರೂ ಎದ್ದು ನಿಲ್ತೀನಿ."

ಅದೂ ನಮ್ಮಲ್ಲಿಯ ಕಟ್ಟಳೆಯೇ. ಹೇಳಿದ ಕಥೆಯಲ್ಲಿ ಯಾರು ಸುಳ್ಳು ತೋರಿಸುತ್ತಾರೋ ಆ ಮಾತು ಅವರ ಮನೆಗೆ ಹೋಗುತ್ತದೆ. ಅವನು ಹೋದಮೇಲೆ ಅತ್ತೆ ತಿರುವಿನವರೆಗೂ ಕಣ್ಣಿಟ್ಟು ನೋಡಿದರು. ಬೈಯಲು ಬಾಯಿ ತೆರೆದರು. ಯಾಕೋ ಮತ್ತೆ ಮುಚ್ಚಿ ಒಳಗೆ ಹೋದರು.

ಚಾವಡಿಯ ದಿನ ಬಂತು. ಊರಗೌಡರಾದ ದ್ಯಾಮನಗೌಡರು ಕಂಬದ ಬುಡಕ್ಕೆ ಕುಳಿತು, ತಮ್ಮ ಮುಂದೆ ನೀರು ತುಂಬಿದ ಹಂಡೆ ಇಟ್ಟುಕೊಂಡಿದ್ದರು. ಹೇಳುವವಳು ನಡುವೆ ನಿಂತರೆ, ಅವರು ಬುಡದಲ್ಲಿ ತೂತಿರುವ ಬಟ್ಟಲನ್ನು ಆ ನೀರಿನಲ್ಲಿ ತೇಲಿ ಬಿಡುತ್ತಾರೆ. ಬಟ್ಟಲು ತುಂಬಿ ಮುಳುಗುವುದರೊಳಗೆ ಮಾತು ಮತ್ತೆ ಹೊರಡದಿದ್ದರೆ ಕಥೆ ಸತ್ತಂತೆ. ಅತ್ತೆ ಅಂದು ತಮ್ಮ ಮದುವೆಯ ಇಳಕಲ್ ಸೀರೆ ಉಟ್ಟಿದ್ದರು. ಕುಂಕುಮ ದೊಡ್ಡದಾಗಿತ್ತು. ನಾನು ಅವರ ಹಿಂದೆ ಎರಡು ಮಾರು ದೂರದಲ್ಲಿ ಕುಳಿತೆ.

"ಒಬ್ಬಾಂವ ರಾವುತ ಇದ್ದ," ಎಂದು ಶುರು ಮಾಡಿದರು. ದನಿ ಗಟ್ಟಿಯಾಗಿತ್ತು. "ಕುದುರಿ ಮ್ಯಾಲ ಕುಂತು ನಮ್ಮೂರಿಗೆ ಬಂದ. ಮಳಿ ಆಗಿತ್ತು." ಮಳೆ ನನಗೆ ಹೊಸದು. ನೆನಪಾಗುತ್ತಿದೆಯೇನೋ ಎಂದುಕೊಂಡೆ. "ಓಣ್ಯಾಗ ಒಬ್ಬಾಕಿ ಎದುರಿಗೆ ಬರಾಕತ್ತಿದ್ಲು. ತಲಿ ಮ್ಯಾಲ ಕೊಡಾ ಇತ್ತು. ಆಗ ಆ ರಾವುತ…"

ನಿಂತಿತು. ದ್ಯಾಮನಗೌಡರು ಒಂದು ಕ್ಷಣ ತಡೆದು ನೋಡಿ, ಕಣ್ಣು ಕೆಳಗೆ ಮಾಡಿ ಬಟ್ಟಲು ಬಿಟ್ಟರು. ಅತ್ತೆಯ ಬೆನ್ನು ನೆಟ್ಟಗೆ ಇತ್ತು, ಬೆನ್ನ ಹಿಂದೆ ಹಿಡಿದ ಕೈಬೆರಳುಗಳು ಮಾತ್ರ ಒಂದನ್ನೊಂದು ಹಿಂಡುತ್ತಿದ್ದವು. ನೀರು ಬಟ್ಟಲಿನ ಅರ್ಧಕ್ಕೆ ಏರಿತು. ಮುಂದಿನ ಸಾಲಿನಲ್ಲಿ ಅಡಿವೆಪ್ಪ ಮಂಡಿಯ ಮೇಲೆ ಕೈಯೂರಿ, ಏಳುವವನಂತೆ ಕುಳಿತಿದ್ದ. ಬಾಗಿಲ ಕಡೆ ಒಂದಿಬ್ಬರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಆ ನಗೆಯನ್ನು ನಾನು ಗುರುತು ಹಿಡಿದೆ. ಹದಿನೆಂಟು ವರ್ಷದ ಹಿಂದೆ ನನಗಾಗಿ ಕಾದು ಕುಳಿತಿದ್ದ ನಗೆ ಅದು.

ನಾನು ಎದ್ದು ನಿಂತು ಜೋರಾಗಿ ಹೇಳಿದೆ. "ಅತ್ತೀ, ಇದೇನ್ರಿ? ಇಲ್ಲಿಂದ ಮುಂದ ನನ್ನ ಪಾಳಿ ಅಂತ ಮಾತಾಗಿತ್ತಲ್ಲ? ನೀವು ನಿಂತೀರಿ, ನಾನ ಕುಂತಲ್ಲೇ ಕಣ್ ಮುಚ್ಚೀನಿ. ತಪ್ಪು ನಂದು. ಗೌಡ್ರ, ಬಟ್ಟಲಾ ತಗೀರಿ."

ಗೌಡರು ಬಟ್ಟಲಿಗೆ ಕೈ ಹಾಕಿ ಹಿಡಿದರು. "ಅರ್ಧಾ ಅತ್ತಿ, ಅರ್ಧಾ ಸೊಸಿ? ಈ ಪದ್ಧತಿ ಯಾವಾಗಿಂದ, ಬಾಳವ್ವ?"

"ಈ ವರ್ಷದಿಂದ್ರೀ ಗೌಡ್ರ. ಅತ್ತಿ ನನಗ ಕಥಿ ಕೊಟ್ಟಾರ. ಮನ್ಯಾಗ ಕಿವ್ಯಾಗ ಹೇಳಿ ಕೊಟ್ಟದ್ದನ್ನ ಊರು ಹೆಂಗ ನಂಬಬೇಕು? ಇಬ್ರೂ ಇಲ್ಲೇ ನಿಂತು ಹೇಳಿದ್ರ ಕೊಟ್ಟದ್ದೂ ಕಂಡಂಗಾತು, ತಗೊಂಡದ್ದೂ ಕಂಡಂಗಾತು."

ಅವರು ಗಡ್ಡ ಕೆರೆದುಕೊಂಡು, "ಆತು, ಹೇಳು," ಎಂದರು. ಹೇಳುವುದಕ್ಕೆ ನನ್ನ ಹತ್ತಿರ ಏನಿತ್ತು? ವರ್ಷಾ ವರ್ಷಾ ಕೇಳಿದ್ದೆ, ವರ್ಷಾ ವರ್ಷಾ ಮೆಟ್ಟಿಲ ಮೇಲೆ ಮರೆತಿದ್ದೆ. ಅತ್ತೆ ತಿರುಗಿ ನನ್ನನ್ನು ನೋಡಿದರು. ನನ್ನ ಸೆರಗಿನ ತುದಿ ಹಿಡಿದುಕೊಂಡರು. ನಾನು ನನಗೆ ಗೊತ್ತಿದ್ದದ್ದನ್ನೇ ಹೇಳತೊಡಗಿದೆ.

"ಆಗ ಆ ರಾವುತ ಕುದುರಿ ಮ್ಯಾಲಿಂದ ಬಿದ್ದ," ಎಂದೆ. "ಹೊಸಾ ಅಂಗಿ, ಜರದ ರುಮಾಲು, ಸೊಂಟಕ್ಕ ಕತ್ತಿ. ಊರು ನೋಡಲಿ ಅಂತ ಎದಿ ಉಬ್ಬಿಸಿ ಬರಾಕತ್ತಾಂವ ನಡು ಓಣ್ಯಾಗ ರಾಡಿಯೊಳಗ ಬಿದ್ದ. ಕಟ್ಟಿ ಮ್ಯಾಲಿನ ಜನಾ ನಗಾಕ ಬಾಯಿ ತಗದ್ರು. ಅಷ್ಟ್ರಾಗ ಕೊಡಾ ಹೊತ್ತಾಕಿ ಏನ್ ಮಾಡಿದ್ಲು? ತನ್ನ ಕೊಡಾ ಒಗದು, ತಾನೂ ಅವನ ಬಾಜೂಕ ರಾಡಿಯೊಳಗ ಕುಂತಬಿಟ್ಲು. 'ಏನ್ ಊರಪ್ಪಾ ಇದು, ಓಣಿಗೆ ಎರಡು ಬುಟ್ಟಿ ಗರಸು ಹಾಕಾಕ ಬರೂದಿಲ್ಲೇನು ನಿಮಗ? ಬಂದ ಮಂದಿ ಜಾರಿ ಬೀಳಾಕತ್ತಾರ!' ಅಂತ ಕಟ್ಟಿ ಮ್ಯಾಲಿನವರಿಗೆ ಬೈದ್ಲು. ಅವರು ನಗೂದು ಬಿಟ್ಟು ತಲಿ ಕೆಳಗ ಹಾಕಿದ್ರು. ಕುದುರಿ ಅಲ್ಲೇ ಬೇವಿನ ಗಿಡದ ಬುಡಕ ನಿಂತು, ತನಗ ಏನೂ ಗೊತ್ತಿಲ್ಲದಂಗ ಮೆಲಕು ಹಾಕಾಕತ್ತಿತ್ತು."

ಜನ ನಕ್ಕರು. ನನಗೆ ಧೈರ್ಯ ಬಂತು. "ಆ ರಾವುತ ಎದ್ದ. ಆಕಿಗೆ ಏನೂ ಹೇಳಲಿಲ್ಲ. ಆಕಿನ್ನ ಎಬ್ಬಿಸಿ ಕುದುರಿ ಮ್ಯಾಲ ಕುಂಡ್ರಿಸಿ, ಲಗಾಮು ಹಿಡಕೊಂಡು ಮನಿತನಕಾ ನಡಕೋತ ಹೋದ. ನೋಡಿದವ್ರು, ಆಹಾ, ಎಂಥಾ ರಾವುತ, ಬಿದ್ದ ಹೆಣಮಗಳನ್ನ ಮನಿ ಮುಟ್ಟಿಸಿದ ಅಂದ್ರು. ಮೊದಲ ಬಿದ್ದಾಂವ ಯಾರು ಅಂತ ಆಕಿ ಸಾಯೂತನಕಾ ಯಾರಿಗೂ ಹೇಳಲಿಲ್ಲ. ಯಾರರೆ ಕೇಳಿದ್ರ, ಅದು ಅವನ ರಾವುತಿಕಿ ಅಂತಿದ್ಲು. ಮಾಡಿದಾಕಿ ತಾನು, ಹೆಸರು ಕೊಟ್ಟದ್ದು ಅವಗ. ಅದಕ್ಕ ಆ ಮಾತಿಗೆ ಆ ಹೆಸರು ಬಂತು."

ಮುಗಿಸಿದೆ. ಅಡಿವೆಪ್ಪ ಎದ್ದು ನಿಂತ.

"ಗೌಡ್ರ, ಒಂದ ಮಾತೈತಿ."

"ಕಥಿಯೊಳಗ ಸುಳ್ಳು ಕಂಡೀಯೇನು?" ಎಂದರು ಗೌಡರು. ಚಾವಡಿ ಅವನ ಕಡೆ ತಿರುಗಿತು. ಅವನ ಮೀಸೆ ಕುಣಿಯುತ್ತಿತ್ತು, ಕಣ್ಣಿನಲ್ಲಿ ಗೆದ್ದವನ ಹೊಳಪು ಇತ್ತು. ಅವನು ಅತ್ತೆಯನ್ನು ನೋಡಿದ. ಅತ್ತೆ ಅವನನ್ನು ನೋಡುತ್ತಿರಲಿಲ್ಲ. ಅಂಗಡಿಯಲ್ಲಿ ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ ನನ್ನ ಸೆರಗು ಹಿಡಿದು, ಕಥೆ ಕೇಳಿದ ಖುಷಿಯಲ್ಲಿ ನಗುತ್ತ ನಿಂತಿದ್ದರು. ಅಡಿವೆಪ್ಪ ಪಟಗ ಸರಿ ಮಾಡಿಕೊಂಡ.

"ಸುಳ್ಳಲ್ರಿ," ಎಂದ. "ಆ ಕುದುರಿ ಮೆಲಕು ಹಾಕಾಕತ್ತಿತ್ತು ಅಂದ್ಲಲ್ಲ, ಅದು ಖರೇ ಐತಿ. ನಾಲ್ಕು ವರ್ಷ ನಾನ ಕಣ್ಣಾರೆ ಕಂಡೀನಿ. ಕುದುರಿ ಕಂಡಾಂವ ನಾ ಒಬ್ಬನ ಅಲ್ಲೇನ್ರಿ, ಸಾಕ್ಷಿ ಹೇಳಬೇಕು ಅನಿಸ್ತು." ಎಂದು ಕುಳಿತುಬಿಟ್ಟ.

ಗೌಡರು ಬಟ್ಟಲನ್ನು ಒರೆಸಿ ಬೋರಲು ಹಾಕಿದರು. ಮಾತು ನಮ್ಮ ಮನೆಯಲ್ಲಿಯೇ ಉಳಿಯಿತು. ಜನ ಹಂಚಿದ ಬೆಲ್ಲದ ಚೂರು ತೆಗೆದುಕೊಂಡು ಎದ್ದರು. ಮೆಟ್ಟಿಲ ಹತ್ತಿರ ಅಡಿವೆಪ್ಪ ನನ್ನ ಪಕ್ಕಕ್ಕೆ ಬಂದು, ಬೇರೆ ಕಡೆ ನೋಡುತ್ತ, ಮೀಸೆಯೊಳಗೇ ಹೇಳಿದ.

"ತಂಗೀ, ಕುದುರಿ ಮೆಲಕು ಹಾಕೂದಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರ? ಎತ್ತು ಹಾಕತೈತಿ, ಎಮ್ಮಿ ಹಾಕತೈತಿ…"

"ಎತ್ತು ಹಾಕತೈತಿ. ಕುದುರಿ ಒಮ್ಮಿ ತಿಂತು ಅಂದ್ರ ಮುಗೀತು. ಮುಂದಿನ ವರ್ಷ ಆ ಮಾತು ಬಿಟ್ಟು ಹೇಳು."

"ಅಣ್ಣಾ, ಹಂಗಾದ್ರ ನೀವು ಯಾಕ…"

"ಯಾಕೋ," ಎಂದ. ಅವನಿಗೇ ಬೇಸರವಾದಂತಿತ್ತು. "ಎದ್ದು ನಿಂತಾಗ ಗೆದ್ದೆ ಅಂತನ ಇತ್ತು. ಆ ಮುದುಕಿ ನಕ್ಕದ್ದ ಕಂಡು ನಾಲಗಿ ಹೊಳ್ಳಲಿಲ್ಲ. ಇದನ್ನ ಯಾರ ಮುಂದರೆ ಆಡೀಯಂದ್ರ ನೋಡು ಮತ್ತ." ಪಟಗ ಎತ್ತಿ ಇಟ್ಟುಕೊಂಡು, ಜನರನ್ನು ಎರಡೂ ಕಡೆ ನೂಕುತ್ತ, ಎಂದಿನಂತೆ ಎಲ್ಲರಿಗಿಂತ ಮೊದಲು ಇಳಿದು ಹೋದ. ಅವನು ಬದುಕಿರುವವರೆಗೆ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಅವನು ಹೋಗಿ ನಾಲ್ಕು ವರ್ಷವಾದ್ದರಿಂದ ಈಗ ಬರೆಯುತ್ತಿದ್ದೇನೆ.

ಅಂದಿನ ಕಥೆಯನ್ನು ಮೆಟ್ಟಿಲಿಳಿದರೂ ಯಾರೂ ಮರೆಯಲಿಲ್ಲ. ಅದು ಏಕೆ ಎಂದು ನನಗೆ ಗೊತ್ತು, ಅದು ಆ ಮಾತಿನ ಹಳೆಯ ಕಥೆಯಾಗಿರಲಿಲ್ಲವಲ್ಲ. ಮರುವಾರಕ್ಕೆ ಮಕ್ಕಳು ಓಣಿಯಲ್ಲಿ ರಾವುತನಾಗಿ ಬೀಳುವ ಆಟ ಆಡುತ್ತಿದ್ದರು. ಬೀಳುವುದಕ್ಕಿಂತ ಪಕ್ಕದಲ್ಲಿ ಬಂದು ಕೂರುವುದಕ್ಕೇ ಅವರಲ್ಲಿ ಜಗಳ. ಮಾತು ಊರಿನ ಬಾಯಿಗೆ ಮರಳಿತು, ಆದರೆ ಅದರ ಮೈ ಸ್ವಲ್ಪ ಬದಲಾಗಿತ್ತು. ಮೊದಲಿನ ಹಾಗೆ ದೂರದಿಂದಲೇ ಕಂಡು, ಬಾಗಿ, ಹಿಂದೆ ಸರಿದು ದಾರಿ ಬಿಡುವ ಆ ಚೆಂದ ಈಗಿಲ್ಲ. ಸಂದಿಯಲ್ಲಿ ಭುಜಕ್ಕೆ ಭುಜ ತಾಗಿಸಿಯೇ ಹೋಗುತ್ತಾರೆ, ಒಂದು ಬೈಗಳೂ ಬರುತ್ತದೆ. ಆದರೆ ಯಾರಾದರೂ ಜಾರಿ ಬಿದ್ದರೆ ಕಟ್ಟೆಯ ಮೇಲಿನವರು ಓಣಿಯನ್ನು ಬೈಯುತ್ತಾರೆ, ಬಿದ್ದವರನ್ನಲ್ಲ. ಕಾಶವ್ವನ ಮಗಳು ಬೀಗರ ಮುಂದೆ ಹಾಡಲು ಹೋಗಿ ನಡುವೆ ಸಾಲು ಮರೆತಾಗ, ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಕೆಮ್ಮತೊಡಗಿದರಂತೆ.

ಅತ್ತೆ ಆಮೇಲೆ ಎರಡು ಮಳೆಗಾಲ ಬದುಕಿದರು. ಹೆಸರುಗಳು ಹೋದವು, ಮಗನ ಗುರುತೂ ಒಮ್ಮೊಮ್ಮೆ ಹೋಗುತ್ತಿತ್ತು. ನನ್ನನ್ನು ಮಾತ್ರ, "ಆ ಕಥಿ ಹೇಳಾಕಿ ಬಂದ್ಲೇನು?" ಎಂದು ಕೇಳುತ್ತಿದ್ದರು. ದಿನವೂ ಹೇಳುತ್ತಿದ್ದೆ. ಅವರಿಗೆ ದಿನವೂ ಹೊಸದು.

"ಆಕಿ ರಾಡಿಯೊಳಗ ಕುಂತಬಿಟ್ಲು?" ಎಂದು ಪ್ರತಿ ಸಲ ಕಣ್ಣರಳಿಸುತ್ತಿದ್ದರು. "ಛಲೋ ಸೀರಿ ಉಟ್ಟಿದ್ಲೇನು?"

"ಹೌದ್ರಿ, ಹೊಸಾ ಇಳಕಲ್ ಸೀರಿ."

"ಅಯ್ಯ ಶಿವನ, ಹುಚ್ಚು ಹೆಂಗಸು!" ಎಂದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಕ್ಕು ಸಾಕಾದಮೇಲೆ, "ಭಾಳ ಒಳ್ಳೇಕಿ ಇದ್ಲು ನೋಡು ಆಕಿ," ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ.

ಹಳೆಯ ಕಥೆ ಹೋಯಿತು. ಆ ರಾವುತ ಮಳೆಯಲ್ಲಿ ನಿಜಕ್ಕೂ ಏನು ಮಾಡಿದ, ಆ ಹೆಂಗಸಿನ ಹೆಸರೇನಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ, ಅದು ದೊಡ್ಡ ನಷ್ಟವೇ. ಉಳಿದದ್ದು ಮಾತು. ಮತ್ತೆ ನನ್ನ ಅತ್ತೆ ಅಂದು ಕೆರೆಯ ಕಡೆ ಹೋಗಲಿಲ್ಲ, ನನ್ನ ಜೊತೆ ಮನೆಗೆ ಬಂದರು.